ಕಮಾಂಡರನ ಅಂಗಳದಲ್ಲಿ ನಮ್ಮ ತಾತನ ಶಂಖ

ಕೋಟೆ ಪುನರುಜ್ಜೀವನ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನಮ್ಮ ತಾತನ ಗೋರಿಯ ಸುತ್ತ ಇದ್ದ ಶಂಖಗಳನ್ನು ಕಿತ್ತು ತಂದು ತಾವು ಅಮೆರಿಕನ್ ಕಮಾಂಡರನ ಬಂಗಲೆಯ ಮುಂದೆ ಸಾಲಾಗಿ ಜೋಡಿಸಿಟ್ಟಿದ್ದೀರಿ. ಅವನ್ನು ಕಿತ್ತ ಜಾಗದಲ್ಲೇ ಮತ್ತೆ ಇಡಿ ಎಂದು ಕೇಳಲು ತಮ್ಮ ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಯಿತು. ಪ್ರತಿ ಸಲವೂ ತಾವು ಸಭೆಯಲ್ಲಿದ್ದಿರಿ. ಅದಕ್ಕೇ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ, ಕೊಲೋನ್ ಊರೆಲ್ಲ ಓದಲಿ.

ಮೊದಲು ಅಭಿನಂದನೆ ಸಲ್ಲಿಸಿಬಿಡುತ್ತೇನೆ. ಅಮೆರಿಕದ ಸೈನ್ಯ ಬಾವುಟ ಇಳಿಸಿ ಹೋದ ಮೇಲೆ ಫೋರ್ಟ್ ಕಾರ್ವರ್‌ನಲ್ಲಿ ಕಾಡು ಬೆಳೆಯಿತು, ಕಿಟಕಿ ಬಾಗಿಲುಗಳನ್ನು ಕಳ್ಳರು ಹೊತ್ತೊಯ್ದರು. ಆಗ ಯಾರಿಗೂ ಇತಿಹಾಸ ನೆನಪಾಗಲಿಲ್ಲ. ಹೋಟೆಲ್ ಕಟ್ಟುವವರು ಬಂದ ಮೇಲೆ ನೆನಪಾಯಿತು ನೋಡಿ! ಬಂಗಲೆಗೆ ಹಳೆಯದೇ ಬಣ್ಣ ಹುಡುಕಿ ಹೊಡೆಸಿದಿರಿ. ಕಮಾಂಡರನ ಗಾಲ್ಫ್ ಕೋಲುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿರಿ. ಅವನ ನಾಯಿಯ ಸಮಾಧಿಯ ಅಮೃತಶಿಲೆ ಒಡೆದಿತ್ತಂತೆ, ಅದನ್ನೂ ಅಂಟಿಸಿ ನಿಲ್ಲಿಸಿದ್ದೀರಿ. ನಾಯಿಯ ಹೆಸರು ಬಿಸ್ಕೆಟ್. ಓದಿ ಬಂದಿದ್ದೇನೆ.

ನಮ್ಮ ತಾತನ ಹೆಸರು ಕತ್ಬರ್ಟ್ ಗ್ರಾನಮ್. ಬಾರ್ಬಡೋಸ್ ದ್ವೀಪದಿಂದ ಕೂಲಿಗೆಂದು ಹಡಗಿನಲ್ಲಿ ಬಂದವನು. ಆ ಕೋಟೆಯ ಚರಂಡಿ ತೋಡಿದವನು, ತಮ್ಮ ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುವ ಹುಲ್ಲುಹಾಸನ್ನು ಬದುಕಿದ್ದಷ್ಟು ಕಾಲ ಕತ್ತರಿಸಿದವನು. ಬಿಳಿಯರಿಗೆ ಚಿನ್ನದ ನಾಣ್ಯದ ಸಂಬಳ, ನಮ್ಮ ಕರಿಯರಿಗೆ ಬೆಳ್ಳಿ ನಾಣ್ಯದ ಸಂಬಳ ಇದ್ದ ಕಾಲ ಅದು. ನೀರಿನ ನಲ್ಲಿ ಬೇರೆ, ಅಂಗಡಿಯ ಬಾಗಿಲು ಬೇರೆ, ಸತ್ತರೆ ಮಣ್ಣೂ ಬೇರೆ. ಬೆಳ್ಳಿಯವರ ಸ್ಮಶಾನ ಕೋಟೆಯ ಹಿಂದಿನ ಇಳಿಜಾರಿನಲ್ಲಿತ್ತು. ಸೈನ್ಯ ಅವರಿಗೆ ಗೋರಿಗಲ್ಲು ಕೊಡಲಿಲ್ಲ, ಒಂದು ಮರದ ಗೂಟ ಹೊಡೆಯಿತು. ನಮ್ಮ ಕಡೆಯ ಮಳೆಗೆ ಗೂಟ ಎಷ್ಟು ದಿನ ತಡೆದೀತು? ಅದಕ್ಕೇ ನಮ್ಮವರು ತಮ್ಮ ದ್ವೀಪಗಳ ಪದ್ಧತಿಯಂತೆ ಗೋರಿಯ ಸುತ್ತ ದೊಡ್ಡ ಶಂಖಗಳನ್ನು ಹೂಳುತ್ತಿದ್ದರು, ಬಾಯಿ ಸಮುದ್ರದ ಕಡೆಗೆ. ಕರೆತಂದ ಸಮುದ್ರವೇ ವಾಪಸ್ ಕರೆದುಕೊಂಡು ಹೋಗಲಿ ಎಂದು. ನವೆಂಬರ್ ಎರಡರಂದು, ಸತ್ತವರ ದಿನ, ಹುಲ್ಲು ಸವರಿ ಆ ಶಂಖಗಳಿಗೆ ಸುಣ್ಣ ಬಳಿಯುತ್ತಿದ್ದರು.

ಆ ಒಂದು ದಿನ ಸೈನ್ಯ ಗೇಟು ತೆರೆಯುತ್ತಿತ್ತು. ಕಾವಲಿನ ಸಿಪಾಯಿ ಬಕೆಟ್ಟಿನ ಮುಚ್ಚಳ ತೆಗೆದು ನೋಡಿ, ಸುಣ್ಣವೇ ಎಂದು ಖಾತ್ರಿ ಮಾಡಿಕೊಂಡು ಒಳಗೆ ಬಿಡುತ್ತಿದ್ದ. ಕಾಡು ಬೆಳೆದಿದ್ದ ವರ್ಷಗಳಲ್ಲೂ ನಾವು ಮಚ್ಚು ಹಿಡಿದು ದಾರಿ ಮಾಡಿಕೊಂಡು ಹೋದೆವು. ತಡೆದವರು ತಾವು. ಎರಡು ವರ್ಷದಿಂದ "ಸಂರಕ್ಷಣಾ ಕಾಮಗಾರಿ, ಪ್ರವೇಶವಿಲ್ಲ" ಎಂಬ ಫಲಕ. ಪರದೇಶದ ಸೈನ್ಯ ಬಿಡುತ್ತಿದ್ದ ಕಡೆ ಸ್ವದೇಶದ ಮಂಡಳಿ ಬಿಡಲಿಲ್ಲ. ಇದಕ್ಕೆ ಸ್ವಾತಂತ್ರ್ಯ ಎನ್ನಬೇಕೋ ಏನೋ, ತಾವೇ ತಿಳಿಸಿ.

ಕಳೆದ ತಿಂಗಳು ಉದ್ಘಾಟನೆಯಾಯಿತಲ್ಲ, ಟಿಕೆಟ್ ತೆಗೆದುಕೊಂಡು ನಮ್ಮಮ್ಮನನ್ನು ಕರೆದುಕೊಂಡು ಹೋದೆ. ಅಮ್ಮ ಐಸಿಲ್ಡಾಗೆ ಎಂಬತ್ತು ದಾಟಿದೆ, ಮಂಡಿ ಹಿಡಿದುಕೊಂಡಿದೆ. ಬಂಗಲೆಯ ಮೆಟ್ಟಿಲ ಬಳಿ ನಿಂತವಳು ಇದ್ದಕ್ಕಿದ್ದಂತೆ ಬಗ್ಗಿದಳು.

"ಡೆಲ್ಸಿ, ಬಾರೇ ಇಲ್ಲಿ. ಇದು ನಮ್ಮಪ್ಪಂದು ಕಣೇ!"

"ಏನಮ್ಮಾ ಅದು?"

"ಶಂಖ ಕಣೇ! ತುಟಿ ಮುರಿದಿರೋದು ನೋಡು. ಮಣ್ಣು ಮಾಡಿದ ದಿನ ನಾನೇ ಹೊತ್ಕೊಂಡು ಹೋಗ್ತಾ ಬೀಳಿಸಿಬಿಟ್ಟಿದ್ದೆ. ಎಲ್ಲರ ಮುಂದೆ ನಮ್ಮವ್ವ ಕೆನ್ನೆಗೆ ಬಾರಿಸಿದ್ಲು. ನನಗೆ ಮರೆತು ಹೋಗುತ್ತಾ?"

ತಮ್ಮ ಮಾರ್ಗದರ್ಶಿ ಹುಡುಗಿ ಓಡಿ ಬಂದಳು. "ಅಜ್ಜಿ, ಅಜ್ಜಿ, ಮುಟ್ಟಬೇಡಿ. ಅದು ಪಾರಂಪರಿಕ ವಸ್ತು."

"ಮುಟ್ಟಬಾರದಂತೆ! ಅಲ್ಲ ಕಣಮ್ಮಾ, ಇದನ್ನ ಇಟ್ಟಿದ್ದೇ ನಾನು. ನೀವ್ಯಾಕೆ ಇಲ್ಲಿಗೆ ತಂದ್ರಿ? ನಮ್ಮಪ್ಪ ಎಲ್ಲಿ ಈಗ?"

ಹುಡುಗಿ ಪಾಪ, ಫಲಕ ತೋರಿಸಿದಳು. "ಕಮಾಂಡರರ ಪತ್ನಿಯ ಉದ್ಯಾನಪ್ರೇಮಕ್ಕೆ ಸಾಕ್ಷಿಯಾದ ಶಂಖಗಳು" ಎಂದು ಬರೆಸಿದ್ದೀರಿ. ತಮ್ಮ ತಜ್ಞರಿಗೆ ಹಿಂದಿನ ಇಳಿಜಾರಿನಲ್ಲಿ ಶಂಖಗಳು ಸಿಕ್ಕವಂತೆ. ಇಷ್ಟು ಚೆಂದದ ವಸ್ತು ದೊರೆಸಾನಿಯದ್ದಲ್ಲದೆ ಇನ್ಯಾರದ್ದಾಗಿರುತ್ತದೆ ಎಂದುಕೊಂಡು ಗಾಡಿಗಟ್ಟಲೆ ತುಂಬಿ ತಂದರಂತೆ. ಸುಣ್ಣ ಬಳಿದಿದ್ದರಲ್ಲ ಸ್ವಾಮಿ, ಯಾರು ಬಳಿದರು ಎಂದು ಒಬ್ಬನಾದರೂ ಕೇಳಬಾರದಿತ್ತೇ?

ಅಮ್ಮನನ್ನು ಇಳಿಜಾರಿಗೆ ಕರೆದುಕೊಂಡು ಹೋದೆ. ಬೋಳು ನೆಲ. ಅಲ್ಲಿ ಕಾರು ನಿಲ್ಲಿಸುವ ಜಾಗ ಮಾಡುತ್ತೀರಂತೆ, ಸುಣ್ಣದ ಗೆರೆಯನ್ನೂ ಎಳೆದಿದ್ದೀರಿ. ಅಮ್ಮ ಆ ಕಡೆ ನಾಲ್ಕು ಹೆಜ್ಜೆ, ಈ ಕಡೆ ನಾಲ್ಕು ಹೆಜ್ಜೆ ಇಟ್ಟು ನಿಂತುಬಿಟ್ಟಳು. "ತುಳಿದುಬಿಟ್ಟೇನೋ ಏನೋ" ಎಂದಳು. ತಮ್ಮ ಎಂಜಿನಿಯರನನ್ನು ಕೇಳಿದರೆ, "ನೋಡಮ್ಮಾ, ಸರ್ವೆ ಮಾಡ್ಸಿದೀವಿ. ಗೋರಿ ಇದ್ದಿದ್ರೆ ಗುರುತು ಇರ್ಬೇಕಿತ್ತಲ್ಲ?" ಎಂದ. ಗುರುತನ್ನು ಕಿತ್ತುಕೊಂಡು ಹೋದವರೇ ಗುರುತೆಲ್ಲಿ ಎಂದು ಕೇಳುತ್ತೀರಲ್ಲ, ನಾಲಿಗೆ ಹೇಗೆ ಹೊರಳುತ್ತದೆ?

ನಮಗೆ ಬಂಗಲೆ ಬೇಡ, ಹೋಟೆಲಿನಲ್ಲಿ ಪಾಲು ಬೇಡ. ಕಾರು ನಿಲ್ಲಿಸುವ ಜಾಗದ ಕೆಲಸ ಇವತ್ತೇ ನಿಲ್ಲಿಸಿ. ಈ ನವೆಂಬರ್ ಎರಡರಂದು ಗೇಟು ತೆರೆಯಿರಿ. ಬೆಳ್ಳಿಯವರ ಮಕ್ಕಳು ಮೊಮ್ಮಕ್ಕಳು ಬಂದು ಶಂಖಗಳನ್ನು ಹೊತ್ತು ಇಳಿಜಾರಿಗೆ ಮರಳಿಸುತ್ತೇವೆ. ಯಾವುದು ಯಾರದ್ದೆಂದು ಎಲ್ಲವೂ ತಿಳಿಯುವುದಿಲ್ಲ, ಅಷ್ಟು ಹಾಳು ತಾವು ಮಾಡಿಯಾಗಿದೆ. ಆದರೆ ಅಲ್ಲಿ ಮಲಗಿದವರು ಮನುಷ್ಯರು ಎಂದಾದರೂ ಗೊತ್ತಾಗಲಿ. ನಾಯಿಗೆ ಕೊಟ್ಟಷ್ಟು ಮರ್ಯಾದೆ ಅವರಿಗೂ ಕೊಟ್ಟರೆ ಸಾಕು.

ತೆರೆಯದಿದ್ದರೂ ಚಿಂತೆಯಿಲ್ಲ. ಅಮ್ಮ ಈಗಾಗಲೇ ಸುಣ್ಣ ನೆನೆಹಾಕಲು ಬಕೆಟ್ ತೊಳೆದಿಟ್ಟಿದ್ದಾಳೆ. ಅವತ್ತು ಟಿಕೆಟ್ ತೆಗೆದುಕೊಂಡೇ ಬರುತ್ತೇವೆ. ಕಮಾಂಡರನ ಮೆಟ್ಟಿಲ ಮುಂದೆ ಕೂತು ತುಟಿ ಮುರಿದ ಶಂಖಕ್ಕೆ ಸುಣ್ಣ ಬಳಿದು, ಮೇಣದಬತ್ತಿ ಹಚ್ಚಿ, ಅಮ್ಮ ಅವಳಪ್ಪನನ್ನು ನೆನೆದು ಅಲ್ಲೇ ಅಳುತ್ತಾಳೆ. ಯಾರ ಗೋರಿ ಇದು ಎಂದು ಪ್ರವಾಸಿಗರು ಕೇಳಿದರೆ ಉತ್ತರ ತಾವೇ ಕೊಡಿ.

ಇಂತಿ,
ನಾಯಿಯ ಸಮಾಧಿಗೆ ದಾರಿ ಗೊತ್ತಿದ್ದು, ತಾತನ ಗೋರಿಗೆ ದಾರಿ ಕಳೆದುಕೊಂಡಿರುವ
ಡೆಲ್ಸಿಟಾ ಗ್ರಾನಮ್
ಊಟದ ಗಾಡಿ, ಬಸ್ ನಿಲ್ದಾಣ, ಕೊಲೋನ್