ಶಿವನಪ್ಪ ಸರ್ ಅವರ ಪೀರಿಯಡ್ಡು

೧೪ ಮೇ ೨೦೨೫, ಬುಧವಾರ. ಬೆಳಿಗ್ಗೆ

ಅಪ್ಪ ಮತ್ತೆ ಅರಳೆ ಹಿಂಜುತ್ತಿದ್ದಾನೆ. ಮೂಗು-ಬಾಯಿಗೆ ಒದ್ದೆ ವಸ್ತ್ರ. ಗದಗಿನ ಡಾಕ್ಟರು ಈ ಕೆಲಸ ಬಿಡಿ ಎಂದು ಹೇಳಿ ಮೂರು ತಿಂಗಳಾಯಿತು. ಅವ್ವ ಹೊರಗೆ ಹೋದಾಗ ಶುರು ಮಾಡುತ್ತಾನೆ, ಬರುವ ಹೊತ್ತಿಗೆ ನಿಲ್ಲಿಸುತ್ತಾನೆ. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟ. ಸುಮ್ಮನೆ ಕಸ ಗುಡಿಸಿದೆ. ಗುಡಿಸಿದಷ್ಟೂ ಅರಳೆ ಧೂಳು.

ಇಡೀ ಸವಡಿ ಊರಿಗೆ ಗಾದಿ ಹೊಲಿದುಕೊಟ್ಟ ಮನೆ ನಮ್ಮದು. ಈಗ ಎಲ್ಲರೂ ರೋಣದಿಂದ ಫೋಮಿನ ಗಾದಿ ತರುತ್ತಾರೆ.

ನಾನು — ಎಂ.ಎಸ್ಸಿ. ಕೆಮಿಸ್ಟ್ರಿ, ಬಿ.ಎಡ್. ರಿಸಲ್ಟ್ ಬಂದು ಐದು ತಿಂಗಳು. ಸರಕಾರಿ ನೇಮಕಾತಿ ಇವತ್ತು ಬರುತ್ತದೆ, ನಾಳೆ ಬರುತ್ತದೆ... ದಿನಾ ಮೊಬೈಲಿನಲ್ಲಿ ನೋಡುವುದು, ಮುಚ್ಚಿಡುವುದು.

ಹನ್ನೊಂದಕ್ಕೆ ಫೋನ್. ನರೇಗಲ್ಲಿನಿಂದ. ನಾನು ಅಜ್ಜಿಯ ಮನೆಯಲ್ಲಿದ್ದು ಕಲಿತ ಹೈಸ್ಕೂಲು! ಸೈನ್ಸ್ ಟೀಚರ್ ಬೇಕಂತೆ. ಶುಕ್ರವಾರ ಇಂಟರ್ವ್ಯೂ.

೧೬ ಮೇ, ಶುಕ್ರವಾರ. ಸಂಜೆ

ಡೆಮೊ ಕ್ಲಾಸ್ ಕೊಟ್ಟೆ. ಮಕ್ಕಳಿಲ್ಲ, ರಜೆ. ಖಾಲಿ ಬೆಂಚುಗಳಿಗೆ ಆಮ್ಲ-ಪ್ರತ್ಯಾಮ್ಲ ಪಾಠ ಮಾಡಿದೆ. ಕೊನೆಯ ಬೆಂಚಿನಲ್ಲಿ ಸೆಕ್ರೆಟರಿ, ಪಕ್ಕದಲ್ಲಿ ಕ್ಲರ್ಕು. ಸೆಕ್ರೆಟರಿ ಫೋನ್ ನೋಡುತ್ತಲೇ "ಚಲೋ ಆತು" ಎಂದರು.

ಪಗಾರ ಎಂಟು ಸಾವಿರ. ಹತ್ತು ತಿಂಗಳಷ್ಟೇ, ರಜೆಗೆ ಇಲ್ಲ. ಒರಿಜಿನಲ್ ಮಾರ್ಕ್ಸ್ ಕಾರ್ಡ್‌ಗಳೆಲ್ಲ ಅವರ ಕಪಾಟಿನಲ್ಲಿರಬೇಕು, ನಡುವೆ ಬಿಟ್ಟು ಹೋಗಬಾರದೆಂದು.

"ಎರಡು ಬಸ್ ಬದಲಿ ಮಾಡಿ ಬರಬೇಕ್ರಿ ಸರ್, ಸವಡಿಯಿಂದ ರೋಣ, ರೋಣದಿಂದ ಇಲ್ಲಿಗೆ" ಎಂದೆ.

"ನಿಮಗ ಬಸ್ ಪುಕ್ಕಟ ಐತಲ್ಲವ್ವಾ. ಖರ್ಚೇನೈತಿ?"

ಕ್ಲರ್ಕು ನಕ್ಕ. ನಾನೂ ನಕ್ಕೆ. ಯಾಕೆ ನಕ್ಕೆ?

ನನಗೆ ಸೈನ್ಸ್ ಕಲಿಸಿದ ಶಿವನಪ್ಪ ಸರ್ ಎಲ್ಲಿ ಎಂದು ಕೇಳಿದೆ. "ಅವರು ಬಿಟ್ಟಾರ" ಎಂದರು. ರಿಟೈರ್ ಆಗುವ ವಯಸ್ಸಲ್ಲ. ಎಲ್ಲೋ ಒಳ್ಳೆಯ ಕಡೆ ಹೋಗಿರಬೇಕು ಅಂದುಕೊಂಡೆ. ಇಪ್ಪತ್ತಾರರ ಒಳಗೆ ನನ್ನ ಉತ್ತರ ಬೇಕಂತೆ.

ಮನೆಯಲ್ಲಿ ಹೇಳಿದೆ. ಹಳೆಯ ಕೌದಿಗೆ ಹೊಲಿಗೆ ಹಾಕುತ್ತಿದ್ದ ಅಪ್ಪ ಸೂಜಿ ಕೆಳಗಿಟ್ಟ.

"ಎಂಟು ಸಾವಿರ? ಬಾಜೂ ಮನಿ ಕರೆಪ್ಪನ ಮಗ ಮಂದಿ ಟ್ರ್ಯಾಕ್ಟರ್ ಹೊಡದು ಇದರ ಎರಡರಷ್ಟು ತರ್ತಾನ. ಇದಕ್ಕೇನು ನಿನ್ನ ಇಷ್ಟು ಓದ್ಸಿದ್ದು? ಬ್ಯಾಡ. ನನ್ನ ಕೈ ನಡೀತಾವ ಇನ್ನಾ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಕೈ ನಡೀತಾವರಿ. ಉಸುರು ನಡೀಬೇಕಲ್ಲ" ಎಂದಳು.



೧೯ ಮೇ, ಸೋಮವಾರ

ರೂಪಾ ಫೋನ್ ಮಾಡಿದ್ದಳು. ಬಿ.ಎಡ್.ನಲ್ಲಿ ಜೊತೆಗಿದ್ದವಳು, ರೋಣದವಳು. ನರೇಗಲ್ಲಿನ ಸಾಲಿಯ ಹೆಸರು ಹೇಳಿದೆ.

"ಇಷ್ರತ, ನಿಮ್ಮ ಶಿವನಪ್ಪ ಸರ್ ತಾವಾಗಿ ಬಿಟ್ಟಿಲ್ಲ. ಬಿಡಿಸ್ಯಾರ. ಎಲ್ಲಾ ಮಾಸ್ತರರಿಗೂ ಪಿ.ಎಫ್. ತುಂಬ್ರಿ ಅಂತ ಕೇಳಿದ್ರಂತ. ಅವರ ಪಗಾರದಾಗ ನಮ್ಮಂಥೋರು ಇಬ್ಬರು ಬರ್ತೀವಿ ನೋಡು, ಅದಕ್ಕ. ಈಗ ಇಲ್ಲೇ ಪ್ಯಾಟ್ಯಾಗ, ಕಡ್ಲಿ ಅಂಗಡ್ಯಾಗ ಅದಾರ."

ಹತ್ತೊಂಬತ್ತು ವರ್ಷ ಕಲಿಸಿದವರು. ಹಳ್ಳಿಯ ಹುಡುಗಿಯರು ಹಿಂದೆ ಕೂತರೆ ಎಬ್ಬಿಸಿ ಮುಂದೆ ಕೂರಿಸುತ್ತಿದ್ದರು. ಎಸ್ಸೆಸ್ಸೆಲ್ಸಿ ಆದ ಮೇಲೆ ನನಗೆ ನಿಕಾಹ್ ಮಾಡುತ್ತಾರೆಂದು ಸುದ್ದಿಯಾದಾಗ ಸೈಕಲ್ ತುಳಿದುಕೊಂಡು ಸವಡಿಗೆ ಬಂದಿದ್ದರು. ಅಪ್ಪನ ಎದುರು ಅರಳೆ ರಾಶಿಯ ಮೇಲೆ ಕೂತು ಎರಡು ತಾಸು ಮಾತಾಡಿದ್ದರು.

ಅವರ ಜಾಗ.

೨೨ ಮೇ, ಗುರುವಾರ

ರೋಣಕ್ಕೆ ಹೋದೆ. ಅವ್ವನಿಗೆ ಸುಳ್ಳು ಹೇಳಿದೆ.

ಅಂಗಡಿಯ ಮುಂದೆ ಕಡಲೆ ಚೀಲಗಳ ಸಾಲು. ಸರ್ ಬಗ್ಗಿ, ನೀಲಿ ಬಣ್ಣದಲ್ಲಿ ಬ್ರಷ್ ಅದ್ದಿ ಚೀಲಗಳ ಮೇಲೆ ನಂಬರ್ ಬರೆಯುತ್ತಿದ್ದರು. ಬೋರ್ಡಿನ ಮೇಲೆ ಬರೆಯುತ್ತಿದ್ದ ಅದೇ ಅಂಕಿ. ಏಳಕ್ಕೆ ನಡುವೆ ಒಂದು ಅಡ್ಡಗೆರೆ.

"ಯಾರು... ಇಷ್ರತ ಹೌದಿಲ್ಲ? ಬಾರವ್ವಾ, ಬಾ." ಕೈಯ ಬಣ್ಣವನ್ನು ಪ್ಯಾಂಟಿಗೆ ಒರೆಸಿಕೊಂಡರು. ಕೂರಲು ಚೀಲ ತೋರಿಸಿದರು. ಚಹಾ ತರಿಸಿದರು.

ಹೇಗೆ ಹೇಳಲಿ ಎಂದು ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಹೋಯಿತು. "ಸರ್, ನನಗ ಕರದಾರ್ರಿ. ನಿಮ್ಮ ಜಾಗಕ್ಕ" ಎಂದುಬಿಟ್ಟೆ.

ಸರ್ ಚಹಾದ ಕಪ್ಪನ್ನು ಚೀಲದ ಮೇಲಿಟ್ಟರು.

"ನಾ ಒಲ್ಲೆ ಅಂತ ಹೇಳ್ತೀನ್ರಿ ಸರ್."

"ಯಾಕ? ನೀ ಒಲ್ಲೆ ಅಂದ್ರ ನನ್ನ ಕರೀತಾರೇನು?" ದನಿ ಏರಿತು. ಹಮಾಲರು ತಿರುಗಿ ನೋಡಿದರು. ಆಮೇಲೆ ಮೆಲ್ಲಗೆ, "ಹೋಗು. ಹತ್ತನೇತ್ತದ ಹುಡುಗ್ರು ಭಾಳ ಚಲೋ ಅದಾವ. ಸಮೀಕರಣ ಸರಿದೂಗಸೂದು ಲಗೂ ತಿಳಿಯಂಗಿಲ್ಲ, ಸಿಟ್ಟಾಗಬ್ಯಾಡ."

ಬ್ರಷ್ಷನ್ನು ಬಣ್ಣದ ಡಬ್ಬಿಯ ಅಂಚಿಗೆ ಒರೆಸಿಟ್ಟರು.

"ಖರೇ ಹೇಳಲ್ಯಾ ಇಷ್ರತ? ಬ್ಯಾರೆ ಯಾರರ ಬಂದಿದ್ರ ಅವರನ್ನ ಬೈಕೋತ ಇರ್ತಿದ್ದೆ. ಈಗ ಅದೂ ಇಲ್ಲ."

ನಾನು ಎದ್ದಾಗ ಕಿಸೆಯಿಂದ ಒಂದು ಕೀಲಿ ತೆಗೆದರು. ಲ್ಯಾಬಿನ ಕಪಾಟಿನದು. ಕೊಡುವುದು ಮರೆತಿತ್ತಂತೆ, ಮತ್ತೆ ಆ ಮೆಟ್ಟಿಲು ಹತ್ತುವ ಮನಸ್ಸಿಲ್ಲವಂತೆ. "ಆಸಿಡ್ ಬಾಟ್ಲಿ ಕೆಳಗಿನ ಖಾನೆದಾಗ ಅದಾವ. ಹುಡುಗ್ರ ಕೈಗೆ ಸಿಗಬಾರ್ದು ನೋಡು."

ಒಲ್ಲೆ ಎಂದು ಹೇಳಿದ್ದು ಇದೇ ಬಾಯಿ. ಕೀಲಿಗೆ ಕೈ ಚಾಚಿದ್ದೂ ನಾನೇ.

೨೫ ಮೇ, ಭಾನುವಾರ. ರೋಣ, ದವಾಖಾನೆ

ನಿನ್ನೆ ಮಧ್ಯಾಹ್ನ ಅಪ್ಪನಿಗೆ ಉಸಿರು ಸಿಕ್ಕಿಹಾಕಿಕೊಂಡಿತು. ಅರಳೆ ರಾಶಿಯ ಮೇಲೇ ಬೋರಲು ಬಿದ್ದಿದ್ದ. ತುಟಿ ನೀಲಿಯಾಗಿತ್ತು. ಕರೆಪ್ಪ ಕಾಕಾ ತನ್ನ ಗಾಡಿಯಲ್ಲಿ ಕರೆತಂದ. ದಾರಿಯುದ್ದಕ್ಕೂ ಅಪ್ಪನ ಗಡ್ಡದಲ್ಲಿ ಸಿಕ್ಕ ಅರಳೆ ಆರಿಸುತ್ತ ಕೂತಿದ್ದೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ.

ಆಕ್ಸಿಜನ್ ಹಾಕಿದ್ದಾರೆ. ಜೀವಕ್ಕೇನಿಲ್ಲ, ಆದರೆ ಇನ್ನು ಅರಳೆ ಮುಟ್ಟುವಂತಿಲ್ಲ. ಕದ್ದು ಮುಟ್ಟುವಂತೆಯೂ ಇಲ್ಲ — ಡಾಕ್ಟರು ಅವ್ವನ ಎದುರೇ ಹೇಳಿದರು. ಅವ್ವ ನನ್ನನ್ನು ನೋಡಿದಳು. ನನಗೆ ಗೊತ್ತಿತ್ತು ಎಂದು ಅವಳಿಗೂ ಗೊತ್ತಾಯಿತು.

ಬೆಳಿಗ್ಗೆ ಅಪ್ಪ ಕಣ್ಣು ಬಿಟ್ಟ. ಮಾಸ್ಕ್ ಸರಿಸಿದ.

"ನರೇಗಲ್ಲಿನವರಿಗೆ ಫೋನ್ ಮಾಡಿದೇನು?"

"ಇಲ್ಲಪ್ಪಾ."

"ಮಾಡು."

ಅಷ್ಟೇ. ಗೋಡೆಯ ಕಡೆ ತಿರುಗಿ ಮಲಗಿದ. ನಮ್ಮಪ್ಪ ಸೋತು ಮಾತಾಡಿದ್ದನ್ನು ಇವತ್ತೇ ಕೇಳಿದ್ದು. ಆಕ್ಸಿಜನ್ ಗುಳುಗುಳು ಅನ್ನುತ್ತಿತ್ತು. ಶಿವನಪ್ಪ ಸರ್ ಇಲ್ಲಿಂದ ಹತ್ತು ನಿಮಿಷದ ದಾರಿ. ಹೋಗಿ ಹೇಳಬೇಕು ಅನ್ನಿಸಿತು. ಹೋಗಲಿಲ್ಲ.

೨೬ ಮೇ, ಸೋಮವಾರ

ನರೇಗಲ್ಲಿಗೆ ಹೋಗಿ ಹ್ಞೂಂ ಎಂದೆ.

ಎಸ್ಸೆಸ್ಸೆಲ್ಸಿಯಿಂದ ಬಿ.ಎಡ್.ವರೆಗೆ ಎಲ್ಲ ಕೊಟ್ಟೆ. ಕ್ಲರ್ಕು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ ಕಪಾಟಿಗೆ ಹಾಕಿದ. ಕೀಲಿ ಮೇಜಿನ ಮೇಲಿಟ್ಟೆ, ಶಿವನಪ್ಪ ಸರ್ ಕೊಟ್ಟಿದ್ದು ಎಂದೆ.

"ಅದೇನ್ ಮಾಡ್ತೀರಿ, ಒಗೀರಿ," ಎಂದರು ಸೆಕ್ರೆಟರಿ. "ಅವರು ಹೋದ ದಿನಾನ ಬೀಗ ಬದ್ಲಿ ಮಾಡೀವಿ."

೨ ಜೂನ್, ಸೋಮವಾರ. ಸಂಜೆ

ಮೊದಲ ದಿನ. ರೋಣದ ಸ್ಟ್ಯಾಂಡಿನಲ್ಲಿ ಬಸ್ ಬದಲಿಸುವಾಗ ಸೆರಗು ತಲೆಯ ಮೇಲೆ ಎಳೆದುಕೊಂಡೆ. ಸರ್ ಕಾಣಲಿಲ್ಲ. ನಾಳೆಯೂ ಇದೇ ದಾರಿ. ನಾಡಿದ್ದೂ.

ಹತ್ತನೇ ತರಗತಿ. ಮೂವತ್ತೆಂಟು ಮಕ್ಕಳು. ಎದ್ದು ನಿಂತು ನಮಸ್ತೆ ಹೇಳಿದರು. ಹೆಸರು ಹೇಳಿದೆ. ಮುಂದಿನ ಬೆಂಚಿನ ಒಬ್ಬ ಹುಡುಗಿ, ಎರಡು ಜಡೆ, ಕೈ ಎತ್ತಿದಳು.

"ಟೀಚರ್, ಶಿವನಪ್ಪ ಸರ್ ಯಾವಾಗ ಬರ್ತಾರ್ರಿ?"

ಇವರಿಗೆ ಯಾರೂ ಏನೂ ಹೇಳಿಲ್ಲ. ಮೂವತ್ತೆಂಟು ಮುಖ. ಬಾಗಿಲಾಚೆ ಸೆಕ್ರೆಟರಿಯ ಚಪ್ಪಲಿಯ ಸಪ್ಪಳ.

"ಸರ್‌ಗೆ ಸರಕಾರಿ ನೌಕರಿ ಸಿಕ್ಕಿತು. ದೂರದ ಊರಿಗೆ ಹೋದರು" ಎಂದೆ.

ಹಿಂದಿನಿಂದ ಯಾರೋ ಚಪ್ಪಾಳೆ ಹೊಡೆದರು. ಆಮೇಲೆ ಎಲ್ಲರೂ. ಎರಡು ಜಡೆಯ ಹುಡುಗಿಯ ಕಣ್ಣಲ್ಲಿ ನೀರು, ಆದರೂ ಹೊಡೆಯುತ್ತಲೇ ಇದ್ದಳು.

ಬೋರ್ಡಿಗೆ ತಿರುಗಿದೆ. ದಿನಾಂಕ ಬರೆದೆ. ಅಧ್ಯಾಯ ಒಂದು ಎಂದು ಬರೆದೆ. ಚಪ್ಪಾಳೆ ನಿಲ್ಲಲಿಲ್ಲ. ರಾಸಾಯನಿಕ ಕ್ರಿಯೆಗಳು ಮತ್ತು — ಸಮೀಕರಣಗಳು, ಸರ್ ಹೇಳಿದ್ದ ಆ ಪದ, ಬರೆಯಲಾಗಲಿಲ್ಲ.