ಕುರುಮಮ್ಮ ಆಡದ ಮಾತು

ಹವಾಮಾನ ತರಬೇತಿಯ ಉಸ್ತುವಾರಿ ಅಧಿಕಾರಿಗಳೇ,

ಮೊದಲು ನನ್ನ ತಪ್ಪೊಪ್ಪಿಗೆ. ಹವಾಮಾನ ಬದಲಾವಣೆಯನ್ನು ಜನರಿಗೆ ಮುಟ್ಟಿಸಲೆಂದು ತಾವು ಗದ್ವಾಲಿನಲ್ಲಿ ಮೂವತ್ತು ಯುವ ಕಾರ್ಯಕರ್ತರಿಗೆ ಐದು ದಿನ ವಿಡಿಯೊ ಮಾಡುವುದನ್ನು ಕಲಿಸಿದಿರಲ್ಲ, ಆ ಸಭಾಂಗಣದಿಂದ ನಾನು ಎರಡು ಸಮೋಸ ಮತ್ತು ಒಂದು ಪೆನ್ ಡ್ರೈವ್ ಕದ್ದಿದ್ದೇನೆ. ಸಮೋಸದ ಸಾಕ್ಷ್ಯ ಅಂದೇ ನಾಶವಾಯಿತು. ಪೆನ್ ಡ್ರೈವ್ ಭದ್ರವಾಗಿದೆ. ಅದರಲ್ಲಿ ನಾರ್ವ ಊರಿನ ಕಡೆ ಕುರಿ ಕಾಯುವ ಕುರುಮಮ್ಮ ನಮ್ಮ ಕ್ಯಾಮೆರಾ ಮುಂದೆ ಆಡಿದ ನಿಜವಾದ ಮಾತಿದೆ. ತಾವು ಊರೂರಿಗೆ ಹಂಚಿದ ವಿಡಿಯೊದಲ್ಲಿ ಆ ಮಾತಿಲ್ಲ. ನನ್ನ ದೂರು ಅದೇ.

ಪತ್ರ ಕನ್ನಡದಲ್ಲಿದೆ. ತೆಲುಗಿಗೆ ತರ್ಜುಮೆ ಮಾಡಿಸಿಕೊಳ್ಳಿ. ಆ ವಿಡಿಯೊಗೆ ತೆಲುಗು ದನಿ ಕೊಟ್ಟ ಮಹಾಶಯನಿಂದ ಮಾತ್ರ ಬೇಡ.

ಜನರ ಮಾತು ಜನರ ಬಾಯಿಂದಲೇ ಬರಬೇಕೆಂದು ತಾವೇ ಹೇಳಿದಿರಿ. ಸರಿ ಎಂದು ನಾನೂ ನನ್ನ ಜೊತೆ ತರಬೇತಿಗೆ ಬಂದಿದ್ದ, ಕನ್ನಡ ತಿಳಿಯದ ಶಿರೀಷಾಳೂ ಗುರುವಾರ ನಾರ್ವದ ಕೆರೆ ಬಳಿ ಹೋದೆವು. ಕುರುಮಮ್ಮ ಹೇಳಿದ್ದು ಇದು: "ಮೊದಲು ಉಗಾದಿ ದಾಟಿದ ಮ್ಯಾಲೆ ಈ ಬಿಸಿಲು ಬರ್ತಿತ್ತಪಾ. ಈಗ ಶಿವರಾತ್ರಿಗೇ ಕುರಿ ಒಂದರ ಹೊಟ್ಟಿ ಕೆಳಗ ಇನ್ನೊಂದು ತಲಿ ಇಟ್ಟು ನಿಂದರತಾವ. ಮಧ್ಯಾಹ್ನ ಕೆರಿಗೆ ಇಳಿಸಾಕ ದಾರಿ ಇತ್ತು. ಗಿಡ ಹಚ್ಚೀವಂತ ಬೇಲಿ ಹಾಕ್ಯಾರ. ನೀರು ಕಣ್ಣಿಗೆ ಕಾಣತೈತಿ, ಬಾಯಿಗೆ ಸಿಗಂಗಿಲ್ಲ. ಒಂದು ಕುರಿ ತೂರುವಷ್ಟು ಸಂದಿ ಬಿಡ್ರಿ, ಸಾಕು."

ವಿಡಿಯೊದಲ್ಲಿ ಅವಳ ತುಟಿ ಅಲ್ಲಾಡುತ್ತದೆ. ಮೇಲೆ ಗಂಡಸಿನ ತೆಲುಗು ದನಿ. ಅದರ ಅರ್ಥ: ನಮ್ಮ ಕುರಿಗಳೇ ಗಿಡ ತಿಂದು ಕೆರೆ ಹಾಳು ಮಾಡಿದವು, ಬೇಲಿ ಹಾಕಿದ್ದು ಒಳ್ಳೆಯದಾಯಿತು. ಇದನ್ನು ತಾವು ಸಂಕಲನ ಅನ್ನುತ್ತೀರಿ. ನಾವು ಶಾಲೆಯಲ್ಲಿ ಇದನ್ನು ವ್ಯವಕಲನ ಅಂತ ಕಲಿತಿದ್ದೆವು. ಹವಾಮಾನದಲ್ಲಿ ಹವಾ ತಮಗಾಯಿತು, ಮಾನ ಅವಳದು ಹೋಯಿತು.

ಇನ್ನೂ ಒಂದು ಅನುಮಾನ. ಅವಳು ಮಾತಾಡಿದ್ದು ಗುರುವಾರ. ಅವಳ "ಮಾತಿನ" ತೆಲುಗು ಕಾಗದ ಟೈಪಾದದ್ದು ಬುಧವಾರ. ತಾರೀಖನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಹೇಗೆ ಕಂಡೆ ಎಂಬುದು ಆಮೇಲೆ. ಜನ ಬಾಯಿ ತೆರೆಯುವ ಮೊದಲೇ ಅವರ ಅಭಿಪ್ರಾಯ ತಮಗೆ ತಿಳಿಯುವುದಾದರೆ, ಮಳೆ ಯಾವತ್ತು ಬರುತ್ತದೆಂದೂ ಒಂದು ಕಾಗದದಲ್ಲಿ ಟೈಪು ಮಾಡಿಸಬಾರದೇ?

ತಮಗಿದು ಒಂದೂವರೆ ನಿಮಿಷದ ವಿಡಿಯೊ. ಗಿಡ ಕಾಯುವ ನಾಗಪ್ಪ ಮೊದಲು ಒಮ್ಮೊಮ್ಮೆ ಮಧ್ಯಾಹ್ನ ಯಾರಿಗೂ ಕಾಣದಂತೆ ಬೇಲಿ ಸರಿಸುತ್ತಿದ್ದ. ಈಗ ಮೊಬೈಲ್ ತೋರಿಸುತ್ತಾನಂತೆ: "ಬೇಲಿ ಚಲೋ ಆತಂತ ನೀನ ಹೇಳೀದಿಯಲ್ಲಬೇ. ಈಗ ನಾ ತಗದ್ರ ನನ್ನ ಕೆಲಸ ಹೋಗತೈತಿ." ಕುರುಮಮ್ಮ ಎರಡು ಮೈಲಿ ಆಚೆಯ ಬೋರಿಗೆ ಕುರಿ ಹೊಡೆಯುತ್ತಾಳೆ. ಅಷ್ಟು ದೂರ ನಡೆಯಲಾರದ ಮರಿಗಳನ್ನು ಹೊತ್ತುಕೊಂಡೇ ಹೋಗುತ್ತಾಳೆ. ಹೋದ ವಾರ ಎರಡು ಮರಿ ದಾರಿಯಲ್ಲೇ ಸತ್ತವು.

ಮೂವತ್ತು ಜನರಲ್ಲಿ ಈ ಮೋಸ ಹಿಡಿದವನು ನಾನೊಬ್ಬನೇ. ಎರಡೂ ಭಾಷೆ ಬಲ್ಲವನ ಕಿವಿಗೆ ಹೂ ಇಡುವುದು ಸುಲಭವಲ್ಲ ಸ್ವಾಮಿ. ಆ ವಿಡಿಯೊ ತೆಗೆಯಿರಿ. ಅವಳ ಮಾತನ್ನು ಅವಳ ದನಿಯಲ್ಲೇ ಪೂರ್ತಿ ಹಾಕಿ, ಮೊದಲು ನಾಗಪ್ಪನಿಗೆ ಕಳಿಸಿ. ಬೇಲಿಯಲ್ಲಿ ಒಂದು ಕುರಿ ತೂರುವಷ್ಟು ಸಂದಿ ಬಿಡಿಸಿ.

ಕಾಗದದ ತಾರೀಖು ಹೇಗೆ ಕಂಡೆ ಅಂದರೆ, ಅದನ್ನು ಮೈಕಿನ ಮುಂದೆ ಹಿಡಿದು ಓದಿದವನು ನಾನೇ. ತಾವು ಕೊಟ್ಟ ಪ್ರಮಾಣಪತ್ರದಲ್ಲಿ "ಉತ್ತಮ ಧ್ವನಿ" ಎಂದಿದೆ. ಮೊನ್ನೆ ಪೆನ್ ಡ್ರೈವ್ ಹಿಡಿದು, ಮೋಸ ಬಯಲು ಮಾಡುತ್ತೇನೆಂದು ಕುರುಮಮ್ಮನ ಮುಂದೆ ಎದೆಯುಬ್ಬಿಸಿ ನಿಂತೆ. ಅವಳು ಮರಿಯನ್ನು ಹೆಗಲಿಂದ ಹೆಗಲಿಗೆ ಬದಲಿಸಿದಳು.

"ತೆಲುಗು ನನಗೂ ಬರತೈತಪಾ," ಅಂದಳು. "ದನಿ ಯಾರದಂತ ನಾಗಪ್ಪ ಕೇಳಿದ. ನಾ ಇನ್ನೂ ಹೇಳಿಲ್ಲ."

ಇಂತಿ,
ಕುರುಮಮ್ಮನ ಗಂಡುದನಿ,
ಶ್ರೀನಾಥ, ಮಕ್ತಲ್