ಬುಕಾಸ್ ಎಂಬ ಹಲಗೆ

ಅಕ್ಕಾ,

ನಿಮ್ಮ ತಿಲಿಕ್ ಬಂದರಿನ ಗಲಾಟೆ ಬಿಟ್ಟು ದ್ವೀಪದ ಈ ಹಿಂಬದಿಗೆ ಬಂದು ನಾಲ್ಕು ದಿನವಾಯಿತು. ಇಲ್ಲಿ ಹೋಟೆಲಿಲ್ಲ, ಕರೆಂಟಿಲ್ಲ. ಕಡಲಲ್ಲಿ ಕತ್ತಿನವರೆಗೆ ಮುಳುಗಿ ನಿಲ್ಲುವ ಒಂದು ಎಮ್ಮೆಯೇ ನನಗೆ ಸ್ನಾನದ ಜೊತೆ. ನಾಳೆ ಭಾನುವಾರ ಚರ್ಚಿನಲ್ಲಿ ನಿನ್ನ ಮೊಮ್ಮಗಳ ಜ್ಞಾನಸ್ನಾನ, ಮಗುವನ್ನು ಎತ್ತಿ ಹಿಡಿಯಬೇಕಾದ ಜ್ಞಾನತಾಯಿ ನಾನೇ ಎಂಬುದು ಮರೆತಿಲ್ಲ. ಆದರೆ ವಾಪಸಾಗಲು ಇರುವುದು ಕೊಂಚಿಂಗಮ್ಮನ ದೋಣಿಯೊಂದೇ. ಅವಳ ಅಂಗಡಿಯ ಮುಂದೆ ಹಲಗೆ: ‘ಬುಕಾಸ್’. ನಮ್ಮ ಟಗಾಲೊಗ್ ಮಾತಿನಲ್ಲಿ ಆ ಪದದ ಕೊನೆಯನ್ನು ಒತ್ತಿ ಓದಿದರೆ ‘ತೆರೆದಿದೆ’, ಮೊದಲನ್ನು ಒತ್ತಿದರೆ ‘ನಾಳೆ’. ಗುರುವಾರ ‘ತೆರೆದಿದೆ’ ಎಂದು ಓದಿ ದಿನವಿಡೀ ಕಾದೆ, ದೋಣಿ ಹೊರಡಲಿಲ್ಲ. ಶುಕ್ರವಾರ ‘ನಾಳೆ’ ಎಂದು ಓದಿ ಈಜಲು ಹೋದೆ, ದೋಣಿ ನನ್ನ ಪಕ್ಕದಲ್ಲೇ ಹಾದುಹೋಯಿತು.

ಇವತ್ತು ಅವಳನ್ನೇ ಕೇಳಿಬಿಟ್ಟೆ: “ತೆರೆದಿದೆಯೋ, ನಾಳೆಯೋ?”

“ಎರಡೂ ಕಣಮ್ಮಾ! ಅಂಗಡಿ ತೆರೆದಿದೆ, ದೋಣಿ ನಾಳೆ. ಎರಡಕ್ಕೂ ಒಂದೇ ಹಲಗೆ ಸಾಕಲ್ವಾ? ಮನಿಲಾದಲ್ಲಿ ಓದೋದು ಕಲಿಸಲ್ವಾ?”

“ಮತ್ತೆ ನಿನ್ನೆ ಹೋಯ್ತಲ್ಲ?”

“ಮೊನ್ನೆಯ ನಾಳೆ ನಿನ್ನೆ ತಾನೇ?”

ಇಪ್ಪತ್ತು ವರ್ಷ ಮನಿಲಾ ಮಾರುಕಟ್ಟೆಯಲ್ಲಿ ಬಟ್ಟೆ ಮಾರಿದವಳು ನಾನು. ಒಂದೇ ಹಲಗೆಯಲ್ಲಿ ಎರಡು ವ್ಯಾಪಾರ ನಡೆಸುವುದು ನನಗೆ ಹೊಳೆದಿರಲಿಲ್ಲ. ಹಲಗೆಯನ್ನು ಅವಳು ಎಂದೂ ಇಳಿಸುವುದಿಲ್ಲವಂತೆ. ಹಾಗಾದರೆ ನಾಳೆ ಅದನ್ನು ಹೇಗೆ ಓದಬೇಕೋ ನನಗಿನ್ನೂ ತಿಳಿದಿಲ್ಲ.

ಮೊಣಕಾಲು ಬಾತಿದೆ, ಗುಡ್ಡ ಹತ್ತಿಳಿದು ತಿಲಿಕ್‌ಗೆ ನಡೆದು ಬರಲಾರೆ. ಅಂಚೆಯವನು ಈಗಲೇ ಹತ್ತುತ್ತಾನೆ, ಸಂಜೆಗೆ ನಿನಗೆ ಇದು ಸಿಗುತ್ತದೆ. ನಾನು ಚೀಲ ಸಮೇತ ದೋಣಿಯೊಳಗೇ ಕೂತುಬಿಟ್ಟಿದ್ದೇನೆ, ಇನ್ನು ಅದು ಯಾವಾಗ ಹೊರಟರೂ ಸರಿ. ನಾನು ಬರುವ ತನಕ ಮಗುವಿನ ತಲೆಗೆ ನೀರು ಹಾಕಬೇಡಿ ಎಂದು ಪಾದ್ರಿಗೆ ಹೇಳು.

ನಿನ್ನ ತಂಗಿ,
ಹೆರ್ಮಿನಿಯಾ